ಗರುಡ ಪುಂಜದ ಈಟಾ: ಹಳದಿ ಮಹಾದೈತ್ಯ ನಕ್ಷತ್ರವೊಂದರ ಗುಣಗಳನ್ನು ಬರಿಗಣ್ಣಿನಿಂದ ಅಳೆಯುವ ಸಮಗ್ರ ಮಾರ್ಗದರ್ಶಿ

ಗರುಡ ನಕ್ಷತ್ರಪುಂಜದ ಈಟಾ ಸುಮಾರು ಏಳು ದಿನಗಳಿಗೊಮ್ಮೆ ಬೆಳಗಿ ಮಂಕಾಗುತ್ತದೆ ಎಂದು ಓದಿಕೊಂಡು ಅದನ್ನು ಗಮನಿಸಲು ಹೊರಟವರಲ್ಲಿ ಹೆಚ್ಚಿನವರು ಒಂದೆರಡು ತಿಂಗಳ ಬಳಿಕ ಒಂದೇ ದೂರು ಹೇಳುತ್ತಾರೆ: ನಕ್ಷತ್ರ ಬದಲಾಗಲೇ ಇಲ್ಲ. ಅವರ ಟಿಪ್ಪಣಿ ಪುಸ್ತಕ ತೆರೆದರೆ ಕಾರಣ ಮೊದಲ ಪುಟದಲ್ಲೇ ಕಾಣುತ್ತದೆ. ದಾಖಲೆಗಳೆಲ್ಲ ಶನಿವಾರದವು, ಇಲ್ಲವೇ ಭಾನುವಾರದವು. ಈ ನಕ್ಷತ್ರದ ಒಂದು ಆವರ್ತಕ್ಕೆ 7 ದಿನ 4 ಗಂಟೆ 14 ನಿಮಿಷ ಹಿಡಿಯುತ್ತದೆ. ವಾರಕ್ಕೊಮ್ಮೆ, ಅದೇ ವಾರದಂದು ನೋಡುವವರಿಗೆ ಪ್ರತಿ ಸಲವೂ ಸಿಗುವುದು ಆವರ್ತದ ಹೆಚ್ಚುಕಡಿಮೆ ಅದೇ ಜಾಗ. ಅದು ಸರಿಯುವುದು ವಾರಕ್ಕೆ ನಾಲ್ಕು ಗಂಟೆಯಷ್ಟು ಮಾತ್ರ. ಹಾಗೆ ನೋಡುತ್ತ ಹೋದರೆ ಒಂದು ಆವರ್ತವನ್ನು ಪೂರ್ತಿ ಕಾಣಲು ಸುಮಾರು 40 ವಾರ ಬೇಕು, ಅಷ್ಟರಲ್ಲಿ ನಕ್ಷತ್ರವೇ ಸಂಜೆಯ ಆಕಾಶದಿಂದ ಮರೆಯಾಗಿರುತ್ತದೆ.

ಆದ್ದರಿಂದ ಮೊದಲ ನಿಯಮವನ್ನು ಇಲ್ಲಿಯೇ ಹೇಳಿಬಿಡಬೇಕು. ಮೋಡವಿಲ್ಲದ ಪ್ರತಿ ರಾತ್ರಿಯೂ ಐದು ನಿಮಿಷ ನೋಡಲು ಸಾಧ್ಯವಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ವಾರಕ್ಕೊಮ್ಮೆ ಎರಡು ಗಂಟೆ ಕುಳಿತು ನೋಡುವುದರಿಂದ ಪ್ರಯೋಜನವಿಲ್ಲ. ದೂರದರ್ಶಕ ಬೇಡ, ಕ್ಯಾಮೆರಾ ಬೇಡ. ಕ್ರಮ ತಪ್ಪದಿದ್ದರೆ ಆವರ್ತಕಾಲ, ಸರಾಸರಿ ಕಾಂತಿ, ದೂರ, ಸೂರ್ಯನಿಗೆ ಹೋಲಿಸಿದ ಬೆಳಕು ಮತ್ತು ಗಾತ್ರ ಇಷ್ಟನ್ನೂ ಕಣ್ಣು, ಕಾಗದ ಮತ್ತು ಫೋನಿನ ಕ್ಯಾಲ್ಕುಲೇಟರಿನಿಂದಲೇ ಪಡೆಯಬಹುದು.

೧. ಕಾಲ ಮತ್ತು ಜಾಗವನ್ನು ಗೊತ್ತುಮಾಡಿಕೊಳ್ಳುವುದು

ಈಟಾ ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಎಳೆದ ಕಾಲ್ಪನಿಕ ರೇಖೆಯ) ಮೇಲೆಯೇ ಇದೆ ಎನ್ನಬಹುದು, ಅದರಿಂದ ಕೇವಲ ಒಂದು ಡಿಗ್ರಿ ಉತ್ತರಕ್ಕಿದೆ. ಹಾಗಾಗಿ ಕರ್ನಾಟಕದಲ್ಲಿ ಅದು ನೆತ್ತಿಯ ಸಮೀಪಕ್ಕೇ ಏರುತ್ತದೆ: ಬೆಂಗಳೂರಿನಲ್ಲಿ ನೆತ್ತಿಯಿಂದ 12 ಡಿಗ್ರಿ ದಕ್ಷಿಣಕ್ಕೆ, ಬೀದರ್‌ನಲ್ಲಿ 17 ಡಿಗ್ರಿ ದಕ್ಷಿಣಕ್ಕೆ. ತೊಂದರೆಯೆಂದರೆ, ಅದು ರಾತ್ರಿಯಿಡೀ ಕಾಣುವ ಜುಲೈ ಮತ್ತು ಆಗಸ್ಟ್ ನಮ್ಮಲ್ಲಿ ಮಳೆಗಾಲ. ಬಳಸಿಕೊಳ್ಳಬೇಕಾದ ಕಾಲ ಅಕ್ಟೋಬರ್ ಮೊದಲ ವಾರದಿಂದ ನವೆಂಬರ್ ಕೊನೆಯವರೆಗೆ, ಸಂಜೆ ಏಳರ ನಂತರ. ಅಕ್ಟೋಬರ್ ನಡುವಿನಲ್ಲಿ ಏಳು ಗಂಟೆಗೆ ಅದು ಅತ್ಯಂತ ಎತ್ತರದಲ್ಲಿರುತ್ತದೆ. ನವೆಂಬರ್ ಕೊನೆಗೆ ಅದೇ ಹೊತ್ತಿನಲ್ಲಿ ಪಶ್ಚಿಮಕ್ಕೆ ಅರ್ಧ ಇಳಿದಿರುತ್ತದೆ. ಬೆಳಗಿನ ಜಾವ ಏಳುವ ಅಭ್ಯಾಸವುಳ್ಳವರಿಗೆ ಮೇ ತಿಂಗಳಲ್ಲಿ ನಾಲ್ಕು ಗಂಟೆಯ ಹೊತ್ತು ಒಳ್ಳೆಯದು, ಮುಂಗಾರಿನ ಮೋಡ ಬರುವವರೆಗೆ. ಯುರೋಪ್, ಅಮೆರಿಕಗಳಲ್ಲಿರುವ ಕನ್ನಡಿಗರಿಗೆ ನಕ್ಷತ್ರ ಇಷ್ಟು ಎತ್ತರಕ್ಕೆ ಏರದಿದ್ದರೂ ಜುಲೈಯಿಂದಲೇ ಆರಂಭಿಸುವ ಅನುಕೂಲವಿದೆ.

ಮಂದವಾಗಿದ್ದಾಗ ಈಟಾ 4.4 ಕಾಂತಿಮಾನಕ್ಕೆ (ನಕ್ಷತ್ರ ಎಷ್ಟು ಬೆಳಗುತ್ತದೆ ಎಂದು ಹೇಳುವ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂದ) ಇಳಿಯುವುದರಿಂದ, ಅದಕ್ಕಿಂತ ಮಂದವಾದ ನಕ್ಷತ್ರವೂ ಕಾಣುವಂಥ ಜಾಗ ಬೇಕು. ಪರೀಕ್ಷೆ ಸರಳ. ಗರುಡ ಪುಂಜದ ಅಯೋಟಾ ಎಂಬ ನಕ್ಷತ್ರ (ಅದರ ಜಾಗ ಮೂರನೆಯ ಘಟ್ಟದಲ್ಲಿದೆ) ಕಣ್ಣಿಗೆ ನೇರವಾಗಿ, ತಿಣುಕದೆ ಕಾಣಬೇಕು. ದೊಡ್ಡ ನಗರದ ನಡುವಿನ ಮಾಳಿಗೆಯಿಂದ ಅದು ಕಾಣದು. ಊರ ಹೊರಗಿನ ಮನೆಯ ತಾರಸಿ, ತೋಟ ಅಥವಾ ಕಣದಿಂದ ಸಾಮಾನ್ಯವಾಗಿ ಕಾಣುತ್ತದೆ. ಬೀದಿದೀಪ ಕಣ್ಣಿಗೆ ನೇರವಾಗಿ ಬೀಳದಂತೆ ಗೋಡೆಯ ಮರೆ ಇರಲಿ.

ಚಂದ್ರನ ವಿಷಯಕ್ಕೆ ಮನೆಯ ಪಂಚಾಂಗವೇ ಸಾಕು. ಗರುಡ ಪುಂಜದ ಅತಿ ಪ್ರಕಾಶಮಾನ ತಾರೆ ಆಲ್ಟೇರ್ ಮತ್ತು ಅದರ ಅಕ್ಕಪಕ್ಕದ ಎರಡು ತಾರೆಗಳೇ ನಮ್ಮ ಶ್ರವಣ ನಕ್ಷತ್ರ. ದಿನದ ನಕ್ಷತ್ರ ಉತ್ತರಾಷಾಢ, ಶ್ರವಣ, ಧನಿಷ್ಠ ಎಂದಿರುವ ಮೂರು ದಿನ ಚಂದ್ರ ಈ ಭಾಗದ ದಕ್ಷಿಣಕ್ಕೇ ಹಾದುಹೋಗುತ್ತಾನೆ. ವಿಜಯದಶಮಿಯ ಆಸುಪಾಸಿನಲ್ಲಿ ಇದು ತಪ್ಪದೆ ಬರುವ ಅಡ್ಡಿ. ಆ ದಿನಗಳ ದಾಖಲೆಯ ಮುಂದೆ ಚಂದ್ರನ ಗುರುತು ಹಾಕಿ, ಮುಂದೆ ಲೆಕ್ಕದಲ್ಲಿ ಅವನ್ನು ಅನುಮಾನದಿಂದಲೇ ನೋಡಬೇಕು.

೨. ಸಲಕರಣೆ

ಒಂದು ಚಾಪೆ, ಗಟ್ಟಿ ರಟ್ಟಿನ ನೋಟ್‌ಬುಕ್, ಪೆನ್ಸಿಲ್, ಮುಂದಿನ ಲೆಕ್ಕಕ್ಕೆ ಗ್ರಾಫ್ ಹಾಳೆ, ಕೆಂಪು ಕಾಗದ ಸುತ್ತಿದ ಟಾರ್ಚ್ ಇದ್ದರೆ ಸಾಕು. ಚಾಪೆ ಐಷಾರಾಮವಲ್ಲ, ನೆತ್ತಿಯ ಮೇಲಿನ ನಕ್ಷತ್ರವನ್ನು ನಿಂತು ನೋಡುವವರು ಕುತ್ತಿಗೆ ನೋವಿನಿಂದ ಅವಸರಪಡುತ್ತಾರೆ, ಅವಸರದ ಅಂದಾಜು ಸರಿಯಿರುವುದಿಲ್ಲ. ನಕ್ಷತ್ರಪಟಕ್ಕೆ ಸ್ಟೆಲೇರಿಯಮ್‌ನಂಥ ತಂತ್ರಾಂಶವನ್ನು ಹಗಲಿನಲ್ಲಿ ನೋಡಿಕೊಂಡು ಕೈಯಿಂದ ನಕ್ಷೆ ಬರೆದುಕೊಳ್ಳಿ. ಹೊರಗೆ ಬಂದ ಮೇಲೆ ಫೋನ್ ಜೇಬಿನಲ್ಲಿರಲಿ: ಒಮ್ಮೆ ಪರದೆಯ ಬೆಳಕು ಕಣ್ಣಿಗೆ ಬಿದ್ದರೆ ಕತ್ತಲೆಗೆ ಹೊಂದಿಕೊಳ್ಳಲು ಮತ್ತೆ ಇಪ್ಪತ್ತು ನಿಮಿಷ ಬೇಕು. 7x50 ಬೈನಾಕ್ಯುಲರ್ ಇದ್ದವರು ಮಬ್ಬು ಕವಿದ ರಾತ್ರಿಗಳಲ್ಲಿ ಅದನ್ನು ಬಳಸಬಹುದು, ಆದರೆ ಬರಿಗಣ್ಣಿನ ದಾಖಲೆಯೊಂದಿಗೆ ಅದನ್ನು ಬೆರೆಸಬಾರದು.

೩. ಈಟಾವನ್ನು ಗುರುತಿಸುವುದು

ಉತ್ತರಕ್ಕೆ ತಲೆ, ದಕ್ಷಿಣಕ್ಕೆ ಕಾಲು ಹಾಕಿ ಮಲಗಿದರೆ ಪೂರ್ವ ಎಡಗೈಯ ಕಡೆ ಇರುತ್ತದೆ. ನೆತ್ತಿಯ ಬಳಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಮೂರು ತಾರೆಗಳು ಕಾಣುತ್ತವೆ, ನಡುವಿನದು ಎಲ್ಲಕ್ಕಿಂತ ಪ್ರಕಾಶಮಾನ. ಅದೇ ಆಲ್ಟೇರ್. ಅದರ ಉತ್ತರಕ್ಕಿರುವ ಕಿತ್ತಳೆ ಛಾಯೆಯದು ಗಾಮಾ, ದಕ್ಷಿಣಕ್ಕಿರುವ ಮಂದವಾದದ್ದು ಬೀಟಾ. ಆಲ್ಟೇರ್ ಮತ್ತು ಬೀಟಾಗಳ ನಡುವಿನ ಅಂತರದ ಎರಡರಷ್ಟು ದೂರ ಬೀಟಾದಿಂದ ದಕ್ಷಿಣಕ್ಕೆ ಇಳಿಯಿರಿ. ಅಲ್ಲಿ ಸಿಗುವುದು ಈಟಾ.

ಇಷ್ಟರಿಂದಲೇ ತೃಪ್ತರಾಗಬೇಡಿ. ಎರಡನೆಯ ಸಾಕ್ಷಿಯೂ ಬೇಕು: ಪೂರ್ವದಲ್ಲಿ ಥೀಟಾ, ಪಶ್ಚಿಮದಲ್ಲಿ ಡೆಲ್ಟಾ, ಇವೆರಡನ್ನು ಸೇರಿಸುವ ಸರಳರೇಖೆಯ ಮೇಲೆಯೇ ಈಟಾ ಕೂತಿದೆ. ಥೀಟಾಕ್ಕೆ ಇಲ್ಲಿಂದ 5 ಡಿಗ್ರಿ, ಎಂದರೆ ಚಾಚಿದ ಕೈಯ ನಡುವಿನ ಮೂರು ಬೆರಳುಗಳ ಅಗಲ. ಡೆಲ್ಟಾಕ್ಕೆ 7 ಡಿಗ್ರಿ. ಈಟಾದಿಂದ ನೈಋತ್ಯಕ್ಕೆ ನಾಲ್ಕೂವರೆ ಡಿಗ್ರಿ ದೂರದಲ್ಲಿ ಅಯೋಟಾ ಇದೆ. ಡೆಲ್ಟಾದ ಕೆಳಗೆ, ಮೂರು ಡಿಗ್ರಿ ದಕ್ಷಿಣಕ್ಕೆ, ಇನ್ನೂ ಮಂದವಾದ ನ್ಯೂ ಇದೆ.

ತಪ್ಪಿನ ಸೂಚನೆ: ನಿಮ್ಮ ಅಂದಾಜು ಎಂದಾದರೂ 3.3ಕ್ಕಿಂತ ಪ್ರಕಾಶಮಾನ ಅಥವಾ 4.6ಕ್ಕಿಂತ ಮಂದ ಎಂದು ಬಂದರೆ, ಬೇರೆ ನಕ್ಷತ್ರವನ್ನು ನೋಡಿದ್ದೀರಿ. ಥೀಟಾವನ್ನೇ ಈಟಾ ಎಂದುಕೊಳ್ಳುವುದು ಎಲ್ಲಕ್ಕಿಂತ ಸಾಮಾನ್ಯ, ಅದರಲ್ಲೂ ಈಟಾ ಕನಿಷ್ಠ ಕಾಂತಿಯಲ್ಲಿದ್ದಾಗ.

೪. ಹೋಲಿಕೆ ನಕ್ಷತ್ರಗಳನ್ನು ಆರಿಸಿಕೊಳ್ಳುವುದು

ನಕ್ಷೆಯ ಮೇಲೆ ಈ ಅಂಕಿಗಳನ್ನು ಬರೆದುಕೊಳ್ಳಿ: ಡೆಲ್ಟಾ 3.4, ಬೀಟಾ 3.7, ಅಯೋಟಾ 4.4, ನ್ಯೂ 4.7. ಕಾಂತಿಮಾನದ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂದ ಎಂಬುದನ್ನು ಹೊಸಬರು ಮತ್ತೆ ಮತ್ತೆ ಮರೆಯುತ್ತಾರೆ. ಈಟಾ 3.5ರಿಂದ 4.4ರ ನಡುವೆ ಓಡಾಡುವುದರಿಂದ ಹೆಚ್ಚಿನ ರಾತ್ರಿಗಳಲ್ಲಿ ಬೀಟಾ ಮತ್ತು ಅಯೋಟಾ ಸಾಕು. ಗರಿಷ್ಠದ ಹತ್ತಿರ ಡೆಲ್ಟಾ ಮತ್ತು ಬೀಟಾ, ಕನಿಷ್ಠದ ಹತ್ತಿರ ಬೀಟಾ ಮತ್ತು ನ್ಯೂ ಬೇಕಾಗುತ್ತವೆ.

ಬೀಟಾ ಇಲ್ಲಿ ದೊಡ್ಡ ಆಸರೆ. ಅದರ ಬಣ್ಣ ಈಟಾದಂತೆಯೇ ಹಳದಿ, ಮೇಲಾಗಿ ನಕ್ಷತ್ರಗಳು ಪಶ್ಚಿಮಕ್ಕೆ ಇಳಿಯುವಾಗ ಎರಡೂ ಒಂದೇ ಎತ್ತರದಲ್ಲಿ ಉಳಿಯುತ್ತವೆ. ಗಾಮಾವನ್ನು ಹೋಲಿಕೆಗೆ ಎಂದೂ ಬಳಸಬಾರದು. ಅದು ತೀರ ಪ್ರಕಾಶಮಾನ. ಸಾಲದೆಂಬಂತೆ ಕಿತ್ತಳೆ ಅಥವಾ ಕೆಂಪು ಬಣ್ಣದ ನಕ್ಷತ್ರಗಳು ದಿಟ್ಟಿಸಿದಷ್ಟೂ ಬೆಳಗುವಂತೆ ತೋರಿ ಮೋಸಮಾಡುತ್ತವೆ. ಅಂದಹಾಗೆ, ಪಟ್ಟಿಯಲ್ಲಿರುವ ನ್ಯೂ ಕೂಡ ಹಳದಿ-ಬಿಳಿ ಬಣ್ಣದ ಮಹಾದೈತ್ಯ ನಕ್ಷತ್ರವೇ, ಆದರೆ ಅದು ಈಟಾದಂತೆ ಮಿಡಿಯುವುದಿಲ್ಲ.

೫. ಕಾಂತಿಯನ್ನು ಅಂದಾಜು ಮಾಡುವುದು

ಇಡೀ ಕೆಲಸದಲ್ಲಿ ಹೆಚ್ಚು ಜನ ಎಡವುವ ಘಟ್ಟವಿದು, ಆದ್ದರಿಂದ ನಿಧಾನವಾಗಿ ಓದಿಕೊಳ್ಳಿ. ಈಟಾಗಿಂತ ತುಸು ಪ್ರಕಾಶಮಾನವಾದ ಒಂದು ನಕ್ಷತ್ರ ಮತ್ತು ತುಸು ಮಂದವಾದ ಒಂದು ನಕ್ಷತ್ರವನ್ನು ಆರಿಸಿ. ಮೊದಲನೆಯದರಿಂದ ಈಟಾ ಎಷ್ಟು ಮೆಟ್ಟಿಲು ಕೆಳಗಿದೆ, ಎರಡನೆಯದಕ್ಕಿಂತ ಎಷ್ಟು ಮೆಟ್ಟಿಲು ಮೇಲಿದೆ ಎಂದು ಕೇಳಿಕೊಳ್ಳಿ. ಒಟ್ಟು ಮೆಟ್ಟಿಲು ಎಷ್ಟಾದರೂ ಆಗಬಹುದು, ಮುಖ್ಯವಾದದ್ದು ಅನುಪಾತ. ಅದನ್ನು ಕಾಗದದ ಮೇಲೆ ಹಾಗೆಯೇ ಬರೆಯಬೇಕು. ಪುಟದ ಒಂದು ಮಾದರಿ ಸಾಲು ಹೀಗಿರಲಿ:

2026 ಅಕ್ಟೋಬರ್ 8, ಸಂಜೆ 7.40, ಆಕಾಶ ಸ್ವಚ್ಛ, ಚಂದ್ರನಿಲ್ಲ. ಬೀಟಾ 6 ಈಟಾ 1 ಅಯೋಟಾ.

ಈ ಸಾಲಿನ ಅರ್ಥ, ಬೀಟಾದಿಂದ ಅಯೋಟಾಕ್ಕೆ ಇರುವ ಏಳು ಪಾಲಿನಲ್ಲಿ ಈಟಾ ಆರು ಪಾಲು ಕೆಳಗಿದೆ ಎಂದು. ಅಂತರ 0.7 ಆದ್ದರಿಂದ 3.7ಕ್ಕೆ 0.6 ಕೂಡಿಸಿದರೆ 4.3. ಈ ಕೂಡುವಿಕೆಯನ್ನು ಹೊರಗೆ ಮಾಡಬೇಡಿ, ಮನೆಯೊಳಗೆ ಬಂದು ಮಾಡಿ. ಹೊರಗೆ ಅನುಪಾತವಷ್ಟೇ ಸಾಕು. ಲೆಕ್ಕದ ಫಲ ಕಣ್ಣೆದುರಿಗಿದ್ದರೆ ಮರುದಿನದ ಕಣ್ಣು ಅದನ್ನೇ ಹುಡುಕುತ್ತದೆ. ಇದೇ ಕಾರಣಕ್ಕೆ, ಇಂದು ಈಟಾ ಗರಿಷ್ಠವೋ ಕನಿಷ್ಠವೋ ಎಂದು ಮುಂಚಿತವಾಗಿ ಅಂತರ್ಜಾಲದಲ್ಲಿ ನೋಡಿಕೊಳ್ಳುವುದು ದೊಡ್ಡ ತಪ್ಪು. ನೋಡಿಕೊಂಡವರ ಕಾಂತಿರೇಖೆ (ದಿನದಿಂದ ದಿನಕ್ಕೆ ಕಾಂತಿ ಬದಲಾಗುವುದನ್ನು ತೋರಿಸುವ ರೇಖೆ) ಬಹಳ ಸುಂದರವಾಗಿ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹಿಂದಿನ ರಾತ್ರಿಯ ಸಾಲು ಕಾಣದಂತೆ ದಿನಕ್ಕೊಂದು ಪುಟ ಮೀಸಲಿಡುವುದು ಒಳ್ಳೆಯ ಪದ್ಧತಿ.

ನೋಡುವಾಗ ಒಂದೇ ನಕ್ಷತ್ರವನ್ನು ದಿಟ್ಟಿಸದೆ ಎರಡರ ನಡುವೆ ಬೇಗ ಬೇಗ ದೃಷ್ಟಿ ಹೊರಳಿಸಿ. ಹೋಲಿಸುವ ಎರಡು ತಾರೆಗಳ ನಡುವಿನ ರೇಖೆ ನಿಮ್ಮ ಎರಡು ಕಣ್ಣುಗಳ ನಡುವಿನ ರೇಖೆಗೆ ಸಮಾನಾಂತರವಾಗಿರುವಂತೆ ತಲೆ ತಿರುಗಿಸಿ. ಒಂದು ಮೇಲೆ ಒಂದು ಕೆಳಗೆ ಇದ್ದರೆ ಕಣ್ಣು ಎರಡನ್ನೂ ಒಂದೇ ಸಮನಾಗಿ ಅಳೆಯುವುದಿಲ್ಲ. ಕಣ್ಣಂಚಿನಿಂದ ನೋಡುವ ಅಭ್ಯಾಸವಿದ್ದರೆ ಎಲ್ಲ ನಕ್ಷತ್ರಗಳನ್ನೂ ಹಾಗೆಯೇ ನೋಡಬೇಕು, ಈಟಾವನ್ನು ಮಾತ್ರ ಹಾಗೆ ನೋಡಿದರೆ ಅದು ಇರುವುದಕ್ಕಿಂತ ಪ್ರಕಾಶಮಾನವೆನಿಸುತ್ತದೆ.

ಇನ್ನು ವಾತಾವರಣ. ನಕ್ಷತ್ರ ಕೆಳಗಿಳಿದಷ್ಟೂ ಅದರ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರಬೇಕಾಗುತ್ತದೆ. 30 ಡಿಗ್ರಿ ಎತ್ತರದಲ್ಲಿ ಅದು ನೆತ್ತಿಯ ಮೇಲಿದ್ದಾಗಿನ ಎರಡರಷ್ಟು. ಹೋಲಿಕೆ ನಕ್ಷತ್ರವೂ ಅದೇ ಎತ್ತರದಲ್ಲಿದ್ದರೆ ಈ ನಷ್ಟ ಎರಡಕ್ಕೂ ಸಮನಾಗಿ ಹಂಚಿಹೋಗುತ್ತದೆ. ಆದರೆ ಅಯೋಟಾ ಪಶ್ಚಿಮದಲ್ಲಿ ಈಟಾಗಿಂತ ನಾಲ್ಕು ಡಿಗ್ರಿ ಮುಂದೆ ಇಳಿಯುತ್ತದೆ. ಈಟಾ 20 ಡಿಗ್ರಿ ಎತ್ತರದಲ್ಲಿರುವಾಗ ಈ ವ್ಯತ್ಯಾಸವೊಂದೇ ಅಂದಾಜನ್ನು 0.2ರಷ್ಟು ಕೆಡಿಸಬಲ್ಲದು. ಆದ್ದರಿಂದ 30 ಡಿಗ್ರಿಗಿಂತ ಕೆಳಗೆ ನೋಡುವುದು ಬೇಡ. ಪ್ರತಿದಿನ ಸರಿಸುಮಾರು ಅದೇ ಹೊತ್ತಿಗೆ, ಕತ್ತಲಾದ ಕೂಡಲೇ ನೋಡುವುದು ಉತ್ತಮ.

೬. ಕಾಲವನ್ನು ಜೂಲಿಯನ್ ದಿನಕ್ಕೆ ಬದಲಿಸುವುದು

ತಿಂಗಳು, ತಾರೀಖು, ಗಂಟೆಗಳಲ್ಲಿ ಕಳೆಯುವ ಲೆಕ್ಕ ಮಾಡಿದರೆ ತಪ್ಪುವುದು ಖಚಿತ. ಖಗೋಳ ವೀಕ್ಷಕರು ಬಳಸುವ ಜೂಲಿಯನ್ ದಿನಸಂಖ್ಯೆ ಇಲ್ಲಿ ನೆರವಿಗೆ ಬರುತ್ತದೆ. ಅದು ಗ್ರೀನಿಚ್ ಮಧ್ಯಾಹ್ನಕ್ಕೆ, ಎಂದರೆ ಭಾರತೀಯ ಕಾಲಮಾನ ಸಂಜೆ 5.30ಕ್ಕೆ ಬದಲಾಗುತ್ತದೆ. ಇದು ನಮಗೆ ಒದಗಿದ ಅನುಕೂಲ, ಏಕೆಂದರೆ ಒಂದು ಸಂಜೆಯಿಂದ ಮರುದಿನ ಬೆಳಗಿನವರೆಗಿನ ಇಡೀ ರಾತ್ರಿ ಒಂದೇ ದಿನಸಂಖ್ಯೆಯೊಳಗೆ ಬೀಳುತ್ತದೆ. 5.30ರಿಂದ ಎಷ್ಟು ಗಂಟೆ ಕಳೆದಿದೆಯೋ ಅದನ್ನು 24ರಿಂದ ಭಾಗಿಸಿ ದಶಾಂಶವಾಗಿ ಸೇರಿಸಿದರೆ ಮುಗಿಯಿತು.

2026ರ ಅಕ್ಟೋಬರ್ 1ರ ಸಂಜೆ 5.30ಕ್ಕೆ ಆರಂಭವಾಗುವ ಸಂಖ್ಯೆ 2461315. ಅಲ್ಲಿಂದ ದಿನಕ್ಕೊಂದರಂತೆ ಎಣಿಸಿ. ಮೇಲಿನ ಮಾದರಿಯ ಅಕ್ಟೋಬರ್ 8, 7.40 ಎಂದರೆ 2461322.09. ವಿದೇಶದಲ್ಲಿರುವವರು ತಮ್ಮ ಗಡಿಯಾರವನ್ನು ಮೊದಲು ಗ್ರೀನಿಚ್ ಕಾಲಕ್ಕೆ ತಂದುಕೊಳ್ಳಬೇಕು.

೭. ಆವರ್ತಕಾಲವನ್ನು ಪಡೆಯುವುದು

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ದಿನ, ಉದ್ದಕ್ಕೆ ಕಾಂತಿಮಾನ, 3.4 ಮೇಲೆ, 4.5 ಕೆಳಗೆ. ಒಂದು ತಿಂಗಳ ಚುಕ್ಕಿಗಳು ಬಿದ್ದಾಗ ರೇಖೆಯ ಆಕಾರ ಹೊರಬರುತ್ತದೆ. ಈಟಾ ಎರಡೂಕಾಲು ದಿನದಲ್ಲಿ ಕನಿಷ್ಠದಿಂದ ಗರಿಷ್ಠಕ್ಕೆ ಜಿಗಿಯುತ್ತದೆ, ಇಳಿಯಲು ಮಾತ್ರ ಐದು ದಿನ ತೆಗೆದುಕೊಳ್ಳುತ್ತದೆ. ಇಳಿಜಾರಿನ ನಡುವೆ ಒಂದು ಸಣ್ಣ ಉಬ್ಬು ಇದೆ. ಬರಿಗಣ್ಣಿನ ದಾಖಲೆಯಲ್ಲಿ ಆ ಉಬ್ಬು ಕಂಡರೆ ನಿಮ್ಮ ಕಣ್ಣು ಪಳಗಿದೆ ಎಂದೇ ಅರ್ಥ.

ಆವರ್ತಕಾಲಕ್ಕೆ ಗರಿಷ್ಠದ ಗಳಿಗೆಯನ್ನು ಹುಡುಕಬೇಡಿ. ತುದಿ ದುಂಡಗಿರುತ್ತದೆ, ಗಳಿಗೆ ಖಚಿತವಾಗುವುದಿಲ್ಲ. ಬದಲಿಗೆ ಕಡಿದಾದ ಏರಿನಲ್ಲಿ 3.9ನ್ನು ದಾಟುವ ಗಳಿಗೆಯನ್ನು ತೆಗೆದುಕೊಳ್ಳಿ: ನಿನ್ನೆ 4.1, ಇಂದು ಅದೇ ಹೊತ್ತಿಗೆ 3.7 ಎಂದಿದ್ದರೆ ದಾಟಿದ್ದು ಇವೆರಡರ ನಡುವೆ ಸರಿಯಾಗಿ ಅರ್ಧದಲ್ಲಿ. ಎರಡು ತಿಂಗಳಲ್ಲಿ ಮೊದಲ ಏರಿನಿಂದ ಕೊನೆಯ ಏರಿಗೆ ಎಂಟು ಆವರ್ತಗಳು ಸಿಕ್ಕರೆ, ನಡುವಿನ 57.4 ದಿನವನ್ನು 8ರಿಂದ ಭಾಗಿಸಿದಾಗ ಸುಮಾರು 7.18 ಬರುತ್ತದೆ. ಒಂದೊಂದು ಏರಿನ ಗಳಿಗೆಯಲ್ಲಿ ಅರ್ಧ ದಿನ ತಪ್ಪಿದರೂ ಎಂಟರಿಂದ ಭಾಗಿಸಿದಾಗ ಆ ತಪ್ಪು ಸಣ್ಣದಾಗುತ್ತದೆ. ಫಲ 8.2 ಅಥವಾ 6.4ರ ಬಳಿ ಬಂದಿದ್ದರೆ ಮೋಡದ ದಿನಗಳಲ್ಲಿ ಒಂದು ಆವರ್ತವನ್ನು ಎಣಿಸದೆ ಬಿಟ್ಟಿದ್ದೀರಿ, ಇಲ್ಲವೇ ಒಂದನ್ನು ಹೆಚ್ಚು ಎಣಿಸಿದ್ದೀರಿ.

ಬಳಿಕ ಎಲ್ಲ ಚುಕ್ಕಿಗಳನ್ನೂ ಒಂದೇ ಆವರ್ತಕ್ಕೆ ಮಡಚಬೇಕು. ಮೊದಲ ಗರಿಷ್ಠ 2461318.0 ಎಂದಿಟ್ಟುಕೊಳ್ಳೋಣ. 2461345.12ರ ಅಂದಾಜಿಗೆ ವ್ಯತ್ಯಾಸ 27.12, ಅದನ್ನು 7.177ರಿಂದ ಭಾಗಿಸಿದರೆ 3.78. ಪೂರ್ಣಾಂಕ 3ನ್ನು ಬಿಟ್ಟುಬಿಡಿ, 0.78 ಆ ಚುಕ್ಕಿಯ ಜಾಗ. ಹೀಗೆ ಮಡಚಿದ ರೇಖೆಯಲ್ಲಿ ಚುಕ್ಕಿಗಳು 0.2ರ ಅಗಲದ ಪಟ್ಟಿಯೊಳಗೆ ಕೂತರೆ ಕೆಲಸ ಚೆನ್ನಾಗಿದೆ.

೮. ಸರಾಸರಿಯಿಂದ ನಕ್ಷತ್ರದ ಗುಣಗಳಿಗೆ

ಮಡಚಿದ ರೇಖೆಯನ್ನು ಹತ್ತು ಸಮಭಾಗ ಮಾಡಿ, ಪ್ರತಿ ಭಾಗದ ಸರಾಸರಿ ತೆಗೆದು, ಆ ಹತ್ತರ ಸರಾಸರಿ ತೆಗೆಯಿರಿ. ಎಲ್ಲ ದಾಖಲೆಗಳನ್ನು ಸುಮ್ಮನೆ ಕೂಡಿ ಭಾಗಿಸಿದರೆ, ಕನಿಷ್ಠದ ರಾತ್ರಿಗಳೇ ಹೆಚ್ಚು ಸ್ವಚ್ಛವಾಗಿದ್ದ ಪಕ್ಷದಲ್ಲಿ ಫಲ ವಾಲುತ್ತದೆ. 3.9ರ ಸುತ್ತಮುತ್ತ ಬರಬೇಕು.

ಈಟಾ ಸೆಫೀಡ್ ವರ್ಗಕ್ಕೆ, ಎಂದರೆ ಕ್ರಮವಾಗಿ ಹಿಗ್ಗಿ ಕುಗ್ಗುತ್ತ ಮಿಡಿಯುವ ನಕ್ಷತ್ರಗಳ ಗುಂಪಿಗೆ ಸೇರಿದೆ. ಅದರ ಹೊರಪದರದಲ್ಲಿರುವ ಹೀಲಿಯಂ, ಸಂಕೋಚನದ ವೇಳೆ ಕಾದು ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡಾಗ ಒಳಗಿನ ಶಾಖಕ್ಕೆ ತಡೆಯೊಡ್ಡುತ್ತದೆ. ಶೇಖರವಾದ ಶಾಖ ಪದರವನ್ನು ಹೊರಕ್ಕೆ ನೂಕುತ್ತದೆ. ಹಿಗ್ಗಿ ತಣಿದಾಗ ತಡೆ ಸಡಿಲಗೊಂಡು ಪದರ ಮತ್ತೆ ಕುಸಿಯುತ್ತದೆ. ದೊಡ್ಡ, ಹೆಚ್ಚು ಬೆಳಕಿನ ನಕ್ಷತ್ರಕ್ಕೆ ಈ ಸುತ್ತು ಹೆಚ್ಚು ದಿನ ಹಿಡಿಯುವುದರಿಂದಲೇ ಆವರ್ತಕಾಲ ನಿಜವಾದ ಬೆಳಕನ್ನು ಹೇಳುತ್ತದೆ. ಹಬಲ್ ದೂರದರ್ಶಕ ಹತ್ತು ಸೆಫೀಡ್‌ಗಳ ದೂರವನ್ನು ಅಳೆದುದರಿಂದ 2007ರಲ್ಲಿ ದೊರೆತ ಸೂತ್ರ ಹೀಗಿದೆ (ನಿರಪೇಕ್ಷ ಕಾಂತಿಮಾನವೆಂದರೆ ನಕ್ಷತ್ರ 10 ಪಾರ್ಸೆಕ್, ಎಂದರೆ ಸುಮಾರು 32.6 ಜ್ಯೋತಿರ್ವರ್ಷ ದೂರದಲ್ಲಿದ್ದರೆ ತೋರುವ ಕಾಂತಿಮಾನ): ನಿರಪೇಕ್ಷ ಕಾಂತಿಮಾನ = −4.05 − 2.43 × (ಆವರ್ತಕಾಲದ ಲಾಗ್ − 1). 7.177ರ ಲಾಗ್ 0.856. ಫಲ −3.70.

ಇಲ್ಲಿ ಅವಸರಪಟ್ಟು 3.90ರಿಂದ −3.70ನ್ನು ಕಳೆದು ದೂರ ಕಂಡುಹಿಡಿದರೆ 1,080 ಜ್ಯೋತಿರ್ವರ್ಷ ಬರುತ್ತದೆ, ಅದು ತಪ್ಪು. ದಾರಿಯ ಧೂಳು ಈಟಾದ ಬೆಳಕನ್ನು ಸುಮಾರು 0.43 ಕಾಂತಿಮಾನದಷ್ಟು ನುಂಗುತ್ತದೆ. ಅದನ್ನು ಕಳೆದ ಮೇಲೆ ಉಳಿಯುವ ಅಂತರ 7.17. ಅದನ್ನು 5ರಿಂದ ಭಾಗಿಸಿ, 1 ಕೂಡಿಸಿ, ಹತ್ತರ ಘಾತಕ್ಕೆ ಏರಿಸಿದರೆ ಸುಮಾರು 272 ಪಾರ್ಸೆಕ್, ಎಂದರೆ ಹತ್ತಿರಹತ್ತಿರ 890 ಜ್ಯೋತಿರ್ವರ್ಷ. ಯಾವ ತಪ್ಪಿಗೆ ಎಷ್ಟು ಚಿಂತಿಸಬೇಕು ಎಂಬುದು ಇಲ್ಲಿ ತಿಳಿಯುತ್ತದೆ. ಆವರ್ತಕಾಲದಲ್ಲಿ 0.1 ದಿನ ತಪ್ಪಿದರೆ ದೂರ ಶೇಕಡಾ ಒಂದರಷ್ಟೂ ಬದಲಾಗುವುದಿಲ್ಲ, ಸರಾಸರಿ ಕಾಂತಿಯಲ್ಲಿ 0.1 ತಪ್ಪಿದರೆ ಶೇಕಡಾ 5, ಧೂಳನ್ನು ಮರೆತರೆ ಶೇಕಡಾ 20ಕ್ಕೂ ಹೆಚ್ಚು.

ಸೂರ್ಯನ ನಿರಪೇಕ್ಷ ಕಾಂತಿಮಾನ 4.83. ಈಟಾದೊಂದಿಗಿನ ವ್ಯತ್ಯಾಸ 8.53, ಅದನ್ನು 2.5ರಿಂದ ಭಾಗಿಸಿ ಹತ್ತರ ಘಾತಕ್ಕೆ ಏರಿಸಿದರೆ ಈಟಾ ಸೂರ್ಯನ ಸುಮಾರು 2,600ರಷ್ಟು ಬೆಳಗುತ್ತದೆ. ಹಳದಿ ನಕ್ಷತ್ರವಾಗಿರುವುದರಿಂದ ಅದರ ಸರಾಸರಿ ಮೇಲ್ಮೈ ಉಷ್ಣತೆ ಸೂರ್ಯನದಕ್ಕೆ ಹತ್ತಿರವಿದೆ. ಹಾಗಿದ್ದಾಗ ಬೆಳಕು ಹೆಚ್ಚಿರುವುದು ಮೇಲ್ಮೈ ದೊಡ್ಡದಾಗಿರುವುದರಿಂದ ಮಾತ್ರ. 2,600ರ ವರ್ಗಮೂಲ 51. ತ್ರಿಜ್ಯ ಸೂರ್ಯನದರ ಸುಮಾರು 50 ಪಟ್ಟು, ಮೂರೂವರೆ ಕೋಟಿ ಕಿಲೋಮೀಟರ್. ಸೂರ್ಯನ ಜಾಗದಲ್ಲಿ ಇಟ್ಟರೂ ಅದು ಬುಧನ ಕಕ್ಷೆಯನ್ನು ಮುಟ್ಟುವುದಿಲ್ಲ.

ಈ ಲೆಕ್ಕ ಸರಾಸರಿಗೆ ಮಾತ್ರ ಅನ್ವಯ. ಗರಿಷ್ಠದ ರಾತ್ರಿ ನಕ್ಷತ್ರ ಅತಿ ದೊಡ್ಡದಾಗಿರುತ್ತದೆ ಎಂದುಕೊಂಡು ಗರಿಷ್ಠ ಮತ್ತು ಕನಿಷ್ಠಕ್ಕೆ ಬೇರೆ ಬೇರೆ ತ್ರಿಜ್ಯ ತೆಗೆಯುವವರಿದ್ದಾರೆ. ಅದು ಸಲ್ಲದು. ಗರಿಷ್ಠದಲ್ಲಿ ಈಟಾ ಇನ್ನೂ ಹಿಗ್ಗುತ್ತಿರುತ್ತದೆ. ಕನಿಷ್ಠದಿಂದ ಗರಿಷ್ಠಕ್ಕೆ ಆಗುವ ಎರಡೂಕಾಲು ಪಟ್ಟು ಬೆಳಕಿನ ಏರಿಳಿತಕ್ಕೆ ಮುಖ್ಯ ಕಾರಣ ಉಷ್ಣತೆಯ ಬದಲಾವಣೆ. ಬೈನಾಕ್ಯುಲರ್‌ನಲ್ಲಿ ನೋಡಿದರೆ ಗರಿಷ್ಠದಲ್ಲಿ ಬಿಳಿ ಬೆರೆತ ಹಳದಿ, ಕನಿಷ್ಠದಲ್ಲಿ ಗಾಢ ಹಳದಿ ಎಂಬ ವ್ಯತ್ಯಾಸ ಎಚ್ಚರದ ಕಣ್ಣಿಗೆ ಸಿಗಬಹುದು.

ಲೆಕ್ಕ ಹಳಿ ತಪ್ಪಿದಾಗ ಎಲ್ಲಿ ಹುಡುಕಬೇಕು

ಎಲ್ಲ ಅಂದಾಜುಗಳೂ 3.9 ಮತ್ತು 4.0ರಲ್ಲೇ ಗುಂಪುಗೂಡಿದ್ದರೆ ನೀವು ಅನುಪಾತ ಬರೆಯುವ ಬದಲು ನೇರವಾಗಿ ಅಂಕಿ ಬರೆಯುತ್ತಿದ್ದೀರಿ. ಐದನೆಯ ಘಟ್ಟಕ್ಕೆ ಮರಳಿ. ವಾರದಿಂದ ವಾರಕ್ಕೆ ರೇಖೆಯ ಕನಿಷ್ಠ ಸ್ವಲ್ಪ ಸ್ವಲ್ಪವೇ ಮೇಲೇರುತ್ತ ಹೋದರೆ ಅಯೋಟಾ ತಗ್ಗಿನಲ್ಲಿ ಮಂಕಾಗುತ್ತಿದೆ, ನೋಡುವ ಹೊತ್ತನ್ನು ಹಿಂದಕ್ಕೆ ತನ್ನಿ. ಮಡಚಿದ ರೇಖೆಯಲ್ಲಿ ಮೊದಲ ತಿಂಗಳ ಚುಕ್ಕಿಗಳು ಒಂದು ಕಡೆ, ಎರಡನೆಯ ತಿಂಗಳವು ಪಕ್ಕಕ್ಕೆ ಸರಿದು ಕೂತಿದ್ದರೆ ಕಾಂತಿಯ ಅಂದಾಜು ಸರಿಯಿದೆ, ಆವರ್ತಕಾಲ ತಪ್ಪಿದೆ, 0.02ರಷ್ಟು ಹೆಚ್ಚುಕಡಿಮೆ ಮಾಡಿ ಮತ್ತೆ ಮಡಚಿ.

ಡಿಸೆಂಬರ್ ನಡುವಿಗೆ ಈಟಾ ಸಂಜೆಯೇ ತೀರ ಕೆಳಗಿಳಿದಿರುತ್ತದೆ. ಕೈ ಪಳಗಿದವರು ಅದೇ ಪುಸ್ತಕದಲ್ಲಿ ಮಿಥುನ ರಾಶಿಯ ಝೀಟಾವನ್ನು ಆರಂಭಿಸಬಹುದು. ಅದೂ ಹಳದಿ ಮಹಾದೈತ್ಯ, ಆವರ್ತಕಾಲ 10.15 ದಿನ, ಏರಿಳಿತ 3.6ರಿಂದ 4.2. ಹೋಲಿಕೆಗೆ ಅದೇ ರಾಶಿಯ ಲ್ಯಾಂಬ್ಡಾ 3.6, ಅಯೋಟಾ 3.8 ಮತ್ತು ಉಪ್ಸಿಲಾನ್ 4.1 ಇವೆ. ಏರಿಳಿತ ಈಟಾದ ಮೂರನೆಯ ಎರಡರಷ್ಟು ಮಾತ್ರ ಇರುವುದರಿಂದ ಅದನ್ನು ಮೊದಲ ಪ್ರಯತ್ನಕ್ಕೆ ಆರಿಸಿಕೊಳ್ಳಬಾರದು.